ಎಡಗೈಯ ತುರಿಮಣೆ

ಶುಫಾ ಮಾಡಿದ ತಪ್ಪು ಇಷ್ಟೇ: ಮನೆ ಬಾಗಿಲಿಗೆ ಬಂದ ತುರಿಮಣೆಯ ಮೇಲೆ ಕೂತು ನೋಡಿದಳು.

ಭಾನುವಾರ ಸಂಜೆ, ಅಸರ್ ನಮಾಜು ಮುಗಿಸಿದ ಜನ ಜಗುಲಿಗಳಿಗೆ ಮರಳಿದ್ದ ಹೊತ್ತು. ದೋಣಿ ಕಟ್ಟುವ ಫಾಕಿ, ಒಗೆದ ಬಿಳಿ ನಿಲುವಂಗಿ ತೊಟ್ಟು, ಹೊಸ ಕಾಂಗಾ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಲವಂಗ ಒಣಹಾಕಿದ್ದ ಚಾಪೆಗಳ ನಡುವಿನ ದಾರಿಯಲ್ಲಿ ನಡೆದು ಬಂದು ಅವಳ ಹೊಸ್ತಿಲ ಹೊರಗೆ ನಿಂತ. ಶುಫಾ ಬಟ್ಟೆ ಬಿಚ್ಚಿದಳು. ಹಲಸಿನ ಮರದ, ಮಡಚಿ ಬಿಚ್ಚಬಹುದಾದ ಎರಡು ಹಲಗೆ. ಮುಂದೆ ನಾಲಿಗೆಯಂತೆ ಚಾಚಿದ ಹಲ್ಲುಹಲ್ಲಿನ ಕಬ್ಬಿಣ. ಕುಳಿತುಕೊಳ್ಳುವ ಜಾಗದ ಅಂಚಿಗೆ ಹಗ್ಗ ಹೆಣೆದಂತೆ ಸಣ್ಣ ಕೆತ್ತನೆ.

"ಎತ್ತರ ಸರಿ ಇದೆಯಾ?" ಎಂದು ಫಾಕಿ ಕೇಳಿದ.

"ನೋಡೋಣ." ಅಲ್ಲೇ ಬಿಚ್ಚಿಟ್ಟು ಕೂತಳು. "ನನ್ನ ಅಳತೆ ತಗೊಂಡು ಮಾಡಿದ ಹಾಗಿದೆ."

ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತು, ನೆಲಕ್ಕಿಳಿದು, ಮತ್ತೆ ಮುಖಕ್ಕೆ ಬಂದು, ಅಲ್ಲಿಂದ ಏಳಲಾರದೆ ತೊಳಲಿತು. ಎದುರು ಮನೆಯಿಂದ ಹೆಂಗಸರ ಉಲುಲುಲು ಕೇಕೆ ಎದ್ದಿತು. ಯಾರಿಗೋ ಮಗು ಹುಟ್ಟಿರಬೇಕು ಎಂದುಕೊಂಡು ಶುಫಾ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ಮನೆಯೊಡತಿ ಬೀ ಮೀಜೆ ಏಲಕ್ಕಿ ಚಹಾ ಹಿಡಿದು ಬಂದಳು.

"ಅಭಿನಂದನೆ ಮಗಳೇ. ಮೊದಲೇ ಒಂದು ಮಾತು ಹೇಳಬಾರದಿತ್ತಾ? ಬಾಡಿಗೆ ಮನೆ ಆದ್ರೇನು, ಗೋಡೆಗೆ ಸುಣ್ಣನಾದ್ರೂ ಹೊಡೆಸ್ತಿದ್ದೆ."

"ಯಾಕೆ?"

"ಯಾಕೆ ಅಂತೆ. ನಾಚಿಕೆ ನೋಡು."

"ಬೀ ಮೀಜೆ, ನನಗೆ ನಿಜವಾಗ್ಲೂ ಅರ್ಥ ಆಗ್ತಿಲ್ಲ."

ಮುದುಕಿ ಚಹಾದ ಲೋಟವನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಕಳವಳ, ಕೊನೆಗೆ ಹತ್ತಿಕ್ಕಲಾಗದ ಕುತೂಹಲ ಒಂದರ ಹಿಂದೊಂದು ಬಂದವು. "ತುರಿಮಣೆ ಮಾಡಿದ ಗಂಡಸು ತಾನೇ ಹೊತ್ತು ತಂದ ಅಂದ್ರೆ ನಮ್ಮೂರಲ್ಲಿ ಅದು ಹೆಣ್ಣು ಕೇಳೋದು. ಬೇಡ ಅನ್ನೋಳು ನಿಂತ್ಕೊಂಡೇ ಇಸ್ಕೊಂಡು ಹೊರಗಿನ ಗೋಡೆಗೆ ಒರಗಿಸ್ತಾಳೆ. ಮಾತಿಲ್ಲ, ಕತೆಯಿಲ್ಲ, ಅವಮಾನವಿಲ್ಲ. ಕೂತ್ಕೊಂಡೋಳು..."

"ಕೂತ್ಕೊಂಡೋಳು?"

"ಒಪ್ಪಿ ಕೂತ ಹಾಗೇ."

"ಪಟ್ಟಣದಲ್ಲಿ ತುರಿಮಣೆ ಅಂಗಡೀಲಿ ಸಿಗುತ್ತೆ, ಬೀ ಮೀಜೆ."

"ಇಲ್ಲೂ ಸಿಗುತ್ತೆ ಮಗಳೇ. ಅದಕ್ಕೇ ತಾನೇ, ಫಾಕಿ ಕೈಲಿ ಯಾಕೆ ಮಾಡಿಸ್ಕೊಂಡಳು ಅಂತ ಊರೆಲ್ಲ ಕೇಳಿದ್ದು."

ಸಿಟ್ಟು ಬರುವ ಮೊದಲು ಶುಫಾಳ ಕಿವಿ ಬಿಸಿಯಾಗುತ್ತಿತ್ತು. ಈಗ ಎರಡೂ ಕಿವಿ ಉರಿದವು. ಏಕೆಂದರೆ ಎಲ್ಲವೂ ಒಂದೊಂದಾಗಿ ನೆನಪಾಗತೊಡಗಿತು.

ಜಾಂಜಿಬಾರ್ ಪಟ್ಟಣದಿಂದ ಪೆಂಬಾ ದ್ವೀಪದ ಈ ಊರಿಗೆ ಸ್ವಾಹಿಲಿ ಕಲಿಸಲು ಬಂದು ಅವಳಿಗೆ ಐದು ತಿಂಗಳಾಗಿತ್ತು. ಮಾತಾಡುವಾಗ ಎಂದೂ ತಪ್ಪದ ಮಕ್ಕಳು ಪರೀಕ್ಷೆಯಲ್ಲಿ ಪದದ ಮನೆತನ, ಎಂದರೆ ಬಹುವಚನದ ಗುಂಪು, ಕೇಳಿದರೆ ತಪ್ಪುತ್ತಿದ್ದರು. ಚಾಕು, ಒರಳು, ಚಮಚ, ಅಂದರೆ ಕಿಸು, ಕಿನು, ಕಿಜಿಕೊ, ಒಂದು ಮನೆ. ಹಲವಾದರೆ ಮೂರೂ ಒಟ್ಟಿಗೆ ವಿಸು, ವಿನು, ವಿಜಿಕೊ ಎಂದು ತಲೆರುಮಾಲು ಬದಲಿಸುತ್ತವೆ. ಒನಕೆ, ಗರಗಸಗಳದು ಇನ್ನೊಂದು ಮನೆ. ಗುದ್ದಲಿ, ಕೊಡಲಿಗಳದು ಮತ್ತೊಂದು, ಹಲವಾದರೆ ತಲೆಗೆ ಮಾ ಸೇರುವ ಮನೆ. ಸುತ್ತಿಗೆ, ಸೂಜಿ, ಬಾಚಿ, ತುರಿಮಣೆಗಳದು ಹಟಮಾರಿಗಳ ಮನೆ. ಒಂದಿರಲಿ, ನೂರಿರಲಿ, ಅವು ರೂಪ ಬದಲಿಸುವುದಿಲ್ಲ. ಓದಿದ್ದನ್ನು ಮಕ್ಕಳು ಮರೆಯುತ್ತಾರೆ, ಮುಟ್ಟಿದ್ದನ್ನು ಮರೆಯುವುದಿಲ್ಲ ಎಂದು ನಂಬಿದ್ದ ಶುಫಾ, ನಿಜವಾದ ಉಪಕರಣಗಳನ್ನೇ ಮನೆತನದ ಪ್ರಕಾರ ಸಾಲು ಹಚ್ಚಿ ಒಂದು ಪ್ರದರ್ಶನ ಮಾಡಲು ಹೊರಟಿದ್ದಳು. ಅದಕ್ಕಾಗಿಯೇ ಹಿನ್ನೀರ ದಡದ ದೋಣಿಯಂಗಳಕ್ಕೆ ಹೋಗಿ ಬರುತ್ತಿದ್ದಳು. ಫಾಕಿ ಬಾಚಿ, ಉಳಿ, ಭೈರಿಗೆಗಳನ್ನು ಎರವಲು ಕೊಟ್ಟಿದ್ದ, ಜೊತೆಗೆ ತಂಟೆಯನ್ನೂ.

"ನನ್ನನ್ನ ಯಾವ ಸಾಲಲ್ಲಿ ಇಡ್ತೀರಿ, ಟೀಚರ್?"

"ನೀವು ಫುಂಡಿ ಅಲ್ವಾ, ಕೈಕಸುಬಿನವರು? ಫುಂಡಿ, ಮಾಫುಂಡಿ. ಗುದ್ದಲಿ, ಕೊಡಲಿ ಜೊತೆಗೆ ನಿಲ್ಲಿ."

"ಟೀಚರ್ ಎಲ್ಲಿ ನಿಲ್ತಾರೆ?"

"ಮನುಷ್ಯರ ಸಾಲಲ್ಲಿ."

ಹಡಗಿನಡಿ ಕೂತು ಹಲಗೆಯ ಸಂದಿಗೆ ಹತ್ತಿ ತುರುಕುತ್ತಿದ್ದ ಮುದುಕ ಹಮಾದಿ ಕೆಮ್ಮುವವರೆಗೂ ನಕ್ಕಿದ್ದ. "ಅನುಭವಿಸು, ಕೊಡಲಿ."

ಆ ನಗುವಿನ ನಡುವೆಯೇ ಅವಳು ಕೇಳಿದ್ದಳು: "ಒಂದು ತುರಿಮಣೆ ಬೇಕಲ್ಲ. ನನಗೆ ಮಾಡಿಕೊಡ್ತೀರಾ?"

ಬಾಚಿ ಗಾಳಿಯಲ್ಲೇ ನಿಂತಿತ್ತು. "ನಿಮಗಾ?"

"ನನಗಲ್ಲದೆ ಹಿನ್ನೀರಿಗಾ?"

"ಯಾರು ತರಬೇಕು?"

"ಮಾಡಿದವರೇ ತರಬೇಕು. ಬೇಗ."

"ಬಾಗಿಲಿಗೇ?"

"ಮತ್ತೆ ಕಿಟಕಿಯಿಂದ ಹಾಕ್ತೀರಾ?"

ಇಡೀ ಅಂಗಳದ ಸುತ್ತಿಗೆಗಳು ಒಟ್ಟಿಗೆ ನಿಂತಿದ್ದವು. ತನ್ನ ದನಿ ಜೋರಾಯಿತೇನೋ ಎಂದು ಅವಳು ಅಂದು ಭಾವಿಸಿದ್ದಳು.

ತಪ್ಪು ತನ್ನ ಬಾಯಿಂದಲೂ ಆಗಿದೆ ಎಂದು ಹೊಳೆದದ್ದೇ ತಡ, ಸಿಟ್ಟು ಇಮ್ಮಡಿಯಾಯಿತು. ಚಹಾ ಮುಟ್ಟದೆ ನೇರ ಹಿನ್ನೀರಿಗೆ ನಡೆದಳು.

ಫಾಕಿ ಅವಳನ್ನು ದೂರದಿಂದಲೇ ಕಂಡು ಕೈಯ ಹೊಟ್ಟು ಕೊಡವಿಕೊಂಡು ನಗುತ್ತ ಎದ್ದು ನಿಂತ.

"ಆ ತುರಿಮಣೆ ಶಾಲೆಗೆ" ಎಂದಳು ಶುಫಾ. "ಪ್ರದರ್ಶನಕ್ಕೆ."

ನಗು ಒಮ್ಮೆಲೇ ಹೋಗಲಿಲ್ಲ. ಇಳಿತದ ನೀರು ದಡದ ಕುಳಿಯಲ್ಲಿ ಉಳಿಯುವಂತೆ ತುಟಿಯಂಚಿನಲ್ಲಿ ತುಸು ಹೊತ್ತು ಉಳಿದು, ಆಮೇಲೆ ಇಂಗಿತು.

"ಕೂತಿರಿ ನೀವು."

"ಕೂರೋ ವಸ್ತು. ಕೂತೆ."

"ಕಾಂಗಾ ಸುತ್ತಿ ತಂದಿದ್ದೆ."

"ಧೂಳು ಕೂರದಿರಲಿ ಅಂತ ಸುತ್ತಿದ್ದೀರಿ ಅಂದ್ಕೊಂಡೆ. ನಾಲ್ಕು ಸಲ ಮಾತಾಡಿದ ಹೆಂಗಸನ್ನ ಹೀಗೆ ಊರ ಮುಂದೆ..."

"ಆರು ಸಲ."

"ಎಣಿಸ್ಕೊಂಡಿದ್ರಾ?"

"ನನಗೆ ಅಷ್ಟೇ ವಿದ್ಯೆ. ನೀವು ಊರಿಗೆಲ್ಲ ಮಾತು ಕಲಿಸೋರು. ತುರಿಮಣೆ ಯಾವ ಮನೆತನ ಅಂತ ಗೊತ್ತು, ಯಾಕೆ ತರ್ತಾರೆ ಅಂತ ಗೊತ್ತಿಲ್ಲ."

ಹಮಾದಿ ನಡುವೆ ಬಂದ. ಬೇಡವೆಂದರೆ ದಾರಿಯಿದೆ ಎಂದ. "ಶುಕ್ರವಾರ ಮಸೀದೀಲಿ ಜುಮ್ಮಾ ಬಾಂಗ್ ಕೂಗೋದ್ರೊಳಗೆ ವಾಪಸ್ ತರಬೇಕಮ್ಮ. ಹಗಲಲ್ಲಿ, ನಿನ್ನ ತಲೆ ಮೇಲೇ ಹೊತ್ತು. ಹಲ್ಲು ನೀರಿನ ಕಡೆ ತಿರುಗಿಸಿ ಇಟ್ಟರೆ ಮುಗೀತು. ಇವನು ಅದನ್ನ ದೋಣಿಗೆ ಬಳಿಯೋ ಎಣ್ಣೆ ಕಾಯಿಸೋ ಒಲೆಗೆ ಹಾಕ್ತಾನೆ. ಬಾಂಗ್ ಆಗೋದ್ರೊಳಗೆ ತರದಿದ್ರೆ ಮಾತ್ರ ಒಪ್ಪಿದ ಹಾಗೆ."

"ಇವತ್ತೇ ತನ್ನಿ" ಎಂದ ಫಾಕಿ.

"ಗುರುವಾರ ಪ್ರದರ್ಶನ. ಶುಕ್ರವಾರ ತರ್ತೀನಿ."

"ಅಲ್ಲೀವರೆಗೆ ಊರವರ ಅಭಿನಂದನೆ ನಾನು ತಗೋತಾ ಕೂರಬೇಕಾ?"

"ನನಗೂ ಬರ್ತಿದೆ. ಹಂಚ್ಕೊಳ್ಳೋಣ."

"ಹಾಗಾದ್ರೆ ನನ್ನ ಬಾಚಿ, ಉಳಿ, ಭೈರಿಗೆ ವಾಪಸ್ ಕೊಡಿ. ನಿಮ್ಮ ಸಾಲಲ್ಲಿ ಅವು ನಿಲ್ಲಲ್ಲ."

ಅಂದೇ ಮಧ್ಯಾಹ್ನ ಅವಳೇ ಬುಟ್ಟಿಯಲ್ಲಿ ಹೊತ್ತು ತಂದು, ಇಳಿಸಿ ಹೋದಳು. ಹಟಮಾರಿಗಳ ಸಾಲು ಹಲ್ಲುದುರಿದ ಬಾಯಿಯಂತೆ ಉಳಿಯಿತು.

ಮಂಗಳವಾರ ಫಾಕಿಯ ತಾಯಿ ಬೀ ಕಿಡಾವಾ ಆರು ತೆಂಗಿನಕಾಯಿ ತಂದು ಜಗುಲಿಯ ಮೇಲಿಟ್ಟಳು. ಎತ್ತರದ ಹೆಂಗಸು, ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು.

"ಮಗ ಹೇಳಿದ, ತಪ್ಪಾಗಿದೆ ಅಂತ. ಆದ್ರೂ ಬಂದೆ."

"ಯಾಕಮ್ಮ?"

"ಶುಕ್ರವಾರದವರೆಗೆ ಅದು ನಿನ್ನದು. ಮನೇಲಿರೋ ತುರಿಮಣೆ ಒಣಗಿರಬಾರದು. ತುರಿ. ನಾನು ಕೂತಿರ್ತೀನಿ, ಏನೂ ಮಾತಾಡಲ್ಲ."

ಮಾತಾಡದೆ ಕೂತವರ ಎದುರು ಸಿಟ್ಟು ಮಾಡುವುದು ಕಷ್ಟ. ಶುಫಾ ಕಾಯಿ ಒಡೆದು, ತುರಿಮಣೆಯ ಮೇಲೆ ಕೂತು, ಹೋಳನ್ನು ಬಲಗೈಯಲ್ಲಿ ಹಿಡಿದು ಹಲ್ಲಿಗೊತ್ತಿದಳು. ಹೋಳು ಜಾರಿತು. ಮತ್ತೆ ಒತ್ತಿದಳು. ಮತ್ತೆ ಜಾರಿತು. ಮಾಡಿದ್ದೂ ನೆಟ್ಟಗಿಲ್ಲ ಎಂದುಕೊಂಡು, ರೋಷದಲ್ಲಿ, ಎದುರಿಗೆ ಹಿರಿಯರಿರುವುದನ್ನೂ ಮರೆತು, ಹೋಳನ್ನು ಎಡಗೈಗೆ ಬದಲಿಸಿದಳು.

ತುರಿ ಮಲ್ಲಿಗೆ ಸುರಿದಂತೆ ಬಟ್ಟಲಿಗೆ ಬಿತ್ತು. ಕೈಗೆ ಶ್ರಮವೇ ಇರಲಿಲ್ಲ. ಕಬ್ಬಿಣದ ಪ್ರತಿಯೊಂದು ಹಲ್ಲೂ ಎಡಕ್ಕೆ ಓರೆಯಾಗಿ, ಎಡಗೈಯ ತಿರುವಿಗೇ ಕಾದು ಕೂತಂತಿತ್ತು.

ಶುಫಾ ಎಡಗೈಯವಳು. ಅಜ್ಜಿ ಆ ಕೈಯನ್ನು ಸೆರಗಿಗೆ ಕಟ್ಟಿಹಾಕಿದ್ದಳು. ಮದರಸಾದಲ್ಲಿ ಅದರ ಮೇಲೆ ಬೆತ್ತ ಮುರಿದಿತ್ತು. ಊಟಕ್ಕೆ, ಅಡುಗೆಗೆ, ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಬಲಗೈಯನ್ನು ಪಳಗಿಸಿಕೊಂಡು, ಬರೆಯುವುದೊಂದಕ್ಕೆ ಮಾತ್ರ ಹಟ ಹಿಡಿದು ಎಡಗೈ ಉಳಿಸಿಕೊಂಡಿದ್ದಳು.

"ಮೂರು ದಿನ ಅರ ಹಿಡಿದು ಕೂತಿದ್ದ" ಎಂದಳು ಬೀ ಕಿಡಾವಾ, ಮಾತಾಡುವುದಿಲ್ಲ ಎಂದದ್ದನ್ನು ಮರೆತು. "ಹಲ್ಲು ಉಲ್ಟಾ ಆಗಿದೆ ಕಣೋ ಅಂತ ಬೈದು, ನಾನೇ ತುರಿದು ತೋರಿಸೋಕೆ ಹೋದೆ. ಇದು ಸಿಕ್ಕಿದ್ದು." ಹೆಬ್ಬೆರಳು ಎತ್ತಿ ತೋರಿಸಿದಳು. "ನಿನ್ನ ಕೈಗಲ್ಲಮ್ಮ ಅದು, ಇಡು ಅಂದ. ಯಾರ ಕೈಗೆ ಅಂತ ಹೇಳ್ಲಿಲ್ಲ. ಈಗ ಗೊತ್ತಾಯ್ತು."

ಯಾರಿಗಾದರೂ ಆಗ ಮನಸ್ಸು ಕರಗಬೇಕು. ಶುಫಾಳಿಗೆ ಬಂದದ್ದು ಮೊದಲಿಗಿಂತ ದೊಡ್ಡ ಸಿಟ್ಟು. ಮುಚ್ಚಿಟ್ಟದ್ದನ್ನು ಅಪ್ಪಣೆಯಿಲ್ಲದೆ ಕಂಡವನ ಮೇಲೆ ಬರುವಂಥದ್ದು. ಆ ಸಿಟ್ಟಿನಲ್ಲೇ ಆರೂ ಕಾಯಿ ತುರಿದು ಮುಗಿಸಿದಳು. ಇಡೀ ಓಣಿ ಅಂದು ತೆಂಗಿನ ಹಾಲಿನಲ್ಲಿ ಬೆಂದ ಮರಗೆಣಸು ತಿಂದಿತು.

ಬುಧವಾರ ಶಾಲೆ ಬಿಟ್ಟ ಕೂಡಲೇ ಅಂಗಳದಲ್ಲಿದ್ದಳು.

"ನನ್ನ ಕೈ ವಿಷಯ ನಿಮಗೆ ಯಾರು ಹೇಳಿದ್ರು?"

ಫಾಕಿ ತಲೆಯೆತ್ತಲಿಲ್ಲ. "ನನ್ನ ಉಪಕರಣಗಳ ಹೆಸರು ಬರ್ಕೊಂಡಿದ್ದು ಯಾವ ಕೈಲಿ? ಬರೆದದ್ದರ ಮೇಲೇ ಕೈ ಹೋಗಿ ಶಾಯಿ ಬಳ್ಕೊಳ್ತಾ ಇತ್ತು. ಕಿರುಬೆರಳು ನೀಲಿ."

"ಬೆರಳು ನೋಡ್ತಿದ್ರಾ?"

"ಮುಖ ನೋಡಿದ್ರೆ ಬೈತೀರಿ. ಬೆರಳು ನೋಡ್ದೆ."

ಅವಳ ಕಿವಿ ಬಿಸಿಯಾಯಿತು. ಈ ಸಲ ಅದು ಸಿಟ್ಟಿಗೋ ಬೇರೆಯದಕ್ಕೋ ಎಂದು ತಿಳಿಯದೆ, ತಿಳಿಯದ್ದಕ್ಕೂ ಸೇರಿಸಿ ಸಿಟ್ಟಾದಳು. "ಬೆರಳು ನೋಡ್ತೀರಿ, ಎತ್ತರ ಅಳೀತೀರಿ, ಹಲ್ಲು ಓರೆ ಮಾಡ್ತೀರಿ. ಒಂದು ಮಾತು ಕೇಳೋಕೆ ಮಾತ್ರ ಆಗಲ್ಲ ನಿಮಗೆ. ನನ್ನ ಬಾಗಿಲನ್ನ ಕೇಳಿದ್ರಿ, ಬೀದೀನ ಕೇಳಿದ್ರಿ, ಎದುರು ಮನೆ ಹೆಂಗಸರನ್ನ ಕೇಳಿದ್ರಿ. ನನ್ನನ್ನ ಕೇಳ್ಲಿಲ್ಲ."

"ನಮ್ಮಲ್ಲಿ ಕೇಳಲ್ಲ. ಮಾಡಿ ಕೊಡ್ತೀವಿ."

"ನಾನು ಮಾತಿನೋಳು. ಬಾಯಲ್ಲಿ ಕೇಳದಿದ್ದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ."

"ಉತ್ತರ ಸೋಮವಾರವೇ ಕೊಟ್ರಲ್ಲ." ಈಗ ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. "ಒಂದೇ ಒಂದು ದಿನ ಇಡೀ ಊರಿನ ಅದೃಷ್ಟವಂತ ನಾನಾಗಿದ್ದೆ, ಟೀಚರ್. ಸೋಮವಾರ ಬೆಳಗ್ಗೆ ಇವರೆಲ್ಲರ ಮುಂದೆ ಅದನ್ನ ಕಿತ್ಕೊಂಡ್ರಿ. ಇನ್ನೂ ಕೇಳಬೇಕಾ ನಾನು? ಶುಕ್ರವಾರ ತಂದಿಡಿ. ಸಾಕು."

ಮಾತು ಕಲಿಸುವವಳಿಗೆ ಮಾತು ಸಿಗದಂತೆ ಮಾಡಿದ್ದಕ್ಕೆ ದಾರಿಯುದ್ದಕ್ಕೂ ಅವನನ್ನು ಶಪಿಸಿದಳು.

ಗುರುವಾರ ಮುಂಜಾನೆ ಶಾಲೆಯ ಬಾಗಿಲು ತೆಗೆಯಲು ಬಂದರೆ ಫಾಕಿ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಬುಟ್ಟಿ.

"ಇದು ನಿಮಗಲ್ಲ, ಮಕ್ಕಳಿಗೆ" ಎಂದ. ಒಳಗೆ ಹೋಗಿ, ಒಬ್ಬರನ್ನೂ ಕೇಳದೆ, ಬಾಚಿ, ಉಳಿ, ಭೈರಿಗೆಗಳನ್ನು ತುರಿಮಣೆಯಿದ್ದ ಸಾಲಿಗೇ ಸರಿಯಾಗಿ ಜೋಡಿಸಿದ. ತುರಿಮಣೆಯನ್ನು ಮಾತ್ರ ಮುಟ್ಟಲಿಲ್ಲ. ಬಿಸಿ ಪಾತ್ರೆಯನ್ನು ಬಳಸಿ ಹೋಗುವಂತೆ ಅದನ್ನು ಬಳಸಿ ಹೋದ. ಆಮೇಲೆ ಹಿಂದಿನ ಗೋಡೆಗೊರಗಿ ಕೈಕಟ್ಟಿ ನಿಂತ.

ಪಟ್ಟಣದಿಂದ ಬಂದ ಶಾಲಾ ಪರಿವೀಕ್ಷಕರೊಬ್ಬರು ಒಂದೊಂದೇ ಸಾಲು ನೋಡುತ್ತ ನಡೆದರು. ಮಕ್ಕಳು ಎತ್ತಿ ತೋರಿಸಿದರು, ಹೆಸರು ಹೇಳಿದರು, ಒಂದನ್ನು ಹಲವು ಮಾಡಿದರು, ಒಬ್ಬರೂ ತಪ್ಪಲಿಲ್ಲ. ಪರಿವೀಕ್ಷಕರಿಗೆ ಬಹಳ ಸಂತೋಷವಾಯಿತು. ಕೊನೆಯ ಸಾಲಿನಲ್ಲಿ ಬಗ್ಗಿ ತುರಿಮಣೆಯನ್ನು ಕೈಗೆತ್ತಿಕೊಂಡರು.

"ಎಂಥ ಕೆಲಸ ಇದು. ಟೀಚರ್, ಇದನ್ನ ನಮ್ಮ ಕಚೇರಿಗೆ ಕೊಟ್ಬಿಡಿ. ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಶಾಲೆ ಹೆಸರು, ನಿಮ್ಮ ಹೆಸರು ಎರಡೂ ಬರುತ್ತೆ."

ಇದಕ್ಕಿಂತ ಸುಲಭವಾದ ದಾರಿ ಬೇರೆ ಇರಲಿಲ್ಲ. ತಲೆಯ ಮೇಲೆ ಹೊರಬೇಕಾಗಿಲ್ಲ, ಹಲ್ಲು ನೀರಿಗೆ ತಿರುಗಿಸಬೇಕಾಗಿಲ್ಲ, ಯಾರ ಕಣ್ಣನ್ನೂ ನೋಡಬೇಕಾಗಿಲ್ಲ. ಸರಕಾರ ಕೇಳಿತು, ಕೊಟ್ಟೆ ಎಂದರೆ ಊರು ಬಾಯಿ ಮುಚ್ಚುತ್ತದೆ. ಶುಫಾ ಹೂಂ ಎನ್ನಲು ಬಾಯಿ ತೆರೆದಳು. ಪರಿವೀಕ್ಷಕರ ಬೆರಳು ಕಬ್ಬಿಣದ ಓರೆ ಹಲ್ಲುಗಳ ಮೇಲೆ ಆಡುತ್ತಿತ್ತು.

"ಕೆಳಗಿಡಿ ಸರ್ ಅದನ್ನ."

ತನ್ನ ದನಿ ಅಷ್ಟು ಒರಟಾಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಅಂದ್ರೆ?"

"ಅದು ಶಾಲೇದಲ್ಲ. ನನ್ನದು. ಕೊಡೋಕಾಗಲ್ಲ."

ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಹಿಂದಿನ ಗೋಡೆಯಲ್ಲಿ ಕಟ್ಟಿದ್ದ ಕೈಗಳು ಸಡಿಲಗೊಂಡವು. ಎಲ್ಲರೂ ಹೊರಟ ಮೇಲೆ ಫಾಕಿ ತನ್ನ ಬುಟ್ಟಿ ತುಂಬಿಕೊಂಡು ಬಾಗಿಲಲ್ಲಿ ಒಂದು ಕ್ಷಣ ನಿಂತ.

"ನಿಮ್ಮದು ನಾಳೆ ಬಾಂಗಿನವರೆಗೆ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋದ.

ಶುಕ್ರವಾರ ಶಾಲೆ ಅರ್ಧ ದಿನ. ಹನ್ನೊಂದೂವರೆಗೆ ಶುಫಾ ತುರಿಮಣೆಯನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಹೊರಟಳು.

ಜಗುಲಿಗಳು ಒಂದೊಂದಾಗಿ ಮೌನವಾದವು. ಬೀ ಮೀಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದುರು ಮನೆಯ ಹೆಂಗಸರು ಲವಂಗದ ಚಾಪೆಗಳ ಮೇಲೆ ಇದ್ದಲ್ಲೇ ಕೂತರು. ಒಬ್ಬಳು ಮಾತ್ರ, ಶುಫಾಳಿಗೆ ಕೇಳಲೆಂದೇ, "ಪಟ್ಟಣದವರಿಗೆ ಮರದ ಬೆಲೆ ಗೊತ್ತು, ಮನಸ್ಸಿನದು ಗೊತ್ತಿಲ್ಲ" ಎಂದಳು. ಬೀ ಕಿಡಾವಾಳ ಮನೆಯ ಮುಂದೆ ಹಾಯುವಾಗ ಶುಫಾಳ ಹೆಜ್ಜೆ ತಡವರಿಸಿತು. ಆ ತಾಯಿ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅಂಗಳದಲ್ಲಿ ಗಂಡಸರು ನಮಾಜಿಗೆ ಹೊರಡಲು ಕೈಕಾಲು ತೊಳೆಯುತ್ತಿದ್ದರು. ಎಣ್ಣೆಯ ಒಲೆ ಉರಿಯುತ್ತಿತ್ತು. ಫಾಕಿ ಅದರ ಪಕ್ಕದಲ್ಲೇ ನಿಂತಿದ್ದ, ಬೆಂಕಿಗೆ ಬೆನ್ನು ಹಾಕಿ.

ಶುಫಾ ತುರಿಮಣೆಯನ್ನು ಇಳಿಸಿ, ಬಿಚ್ಚದೆ, ಮಡಚಿದಂತೆಯೇ ನೆಲದ ಮೇಲೆ ಮಲಗಿಸಿದಳು.

"ಹಲ್ಲು ಯಾವ ಕಡೆನಮ್ಮ?" ಎಂದು ಹಮಾದಿ ಕೇಳಿದ. "ಹೀಗಿಟ್ಟರೆ ನಾವು ಏನಂತ ತಿಳ್ಕೊಳ್ಳೋದು?"

"ನನಗೇ ಗೊತ್ತಿಲ್ಲ. ಇವರು ಕೇಳಿದ ಮೇಲೆ ಗೊತ್ತಾಗುತ್ತೆ." ಅವಳು ಫಾಕಿಯತ್ತ ತಿರುಗಿದಳು. "ತಂದಿದ್ದು ಇವರೆಲ್ಲರ ಮುಂದೆ. ಕೇಳೋದೂ ಇವರೆಲ್ಲರ ಮುಂದೆಯೇ. ಬಾಯಲ್ಲಿ."

"ಹುಚ್ಚು" ಎಂದ ಫಾಕಿ.

"ಇರಬಹುದು. ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿದೆ."

ಅವನು ಸುತ್ತ ನಿಂತವರನ್ನು ನೋಡಿದ, ಒಲೆಯನ್ನು ನೋಡಿದ, ನೀರನ್ನು ನೋಡಿದ. ಮಾತು ಹೊರಬಂದಾಗ ಜಗಳದಂತೆಯೇ ಬಂತು.

"ಇಲ್ಲಿಗೆ ಬಂದೋರೆಲ್ಲ ದೋಣಿ ಯಾವಾಗ ಮುಗಿಯುತ್ತೆ ಅಂತ ಕೇಳ್ತಾರೆ. ನೀವೊಬ್ರು ಬಂದು, ಈ ಉಳಿ ಹೆಸರೇನು ಅಂತ ಕೇಳಿದ್ರಿ. ಹದಿನಾರು ವರ್ಷ ನನ್ನ ಕೈಲಿದ್ದ ಉಳಿ. ಯಾರೂ ಕೇಳಿರ್ಲಿಲ್ಲ. ಅವತ್ತಿಂದ ಏನೇ ಎತ್ಕೊಂಡ್ರೂ ಹೆಸರು ಹೇಳ್ಕೊಂಡು ಎತ್ಕೋತೀನಿ. ಇವರೆಲ್ಲ ನಗ್ತಾರೆ. ನಿಮ್ಮಿಂದ ನನಗೆ ಕೆಲಸದಲ್ಲಿ ನೆಮ್ಮದಿ ಇಲ್ಲ, ಊಟದಲ್ಲಿ ರುಚಿ ಇಲ್ಲ. ಇದು ಬಾಯಲ್ಲಿ ಹೇಳೋ ಮಾತಾ? ಹೇಳ್ಬಾರ್ದು ಅಂತಲೇ ಮರದಲ್ಲಿ ಮಾಡಿದ್ದು." ಉಸಿರು ತೆಗೆದುಕೊಂಡ. ದನಿ ತಗ್ಗಿತು. "ನನ್ನ ಮದುವೆ ಆಗ್ತೀಯಾ ಶುಫಾ? ಬೇಡ ಅಂದ್ರೂ ಇದನ್ನ ಇಟ್ಕೋ. ಇವರು ಏನಾದ್ರೂ ಅನ್ಕೊಳ್ಲಿ, ಒಲೆಗೆ ಹಾಕೋಕೆ ನನ್ನ ಕೈಲಿ ಆಗಲ್ಲ. ಇನ್ಯಾರ ಕೈಗೂ ಇದು ಬರೋದೂ ಇಲ್ಲ."

ಊರಿನ ಕಟ್ಟಳೆಯಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ಬೇಡವೆಂದವಳ ಬಳಿ ತುರಿಮಣೆ ಉಳಿದರೆ ಮಾಡಿದವನು ಜನ್ಮವಿಡೀ ನಗೆಪಾಟಲಾಗುತ್ತಾನೆ.

"ಹೂಂ" ಎಂದಳು ಶುಫಾ.

"ಏನು ಹೂಂ? ಇಟ್ಕೋತೀನಿ ಅಂತಲಾ?"

"ಆಗ್ತೀನಿ ಅಂತ. ಮೂರು ದಿನದಿಂದ ಹೇಳೋಕೆ ಕಾದಿದ್ದೀನಿ, ಕೇಳೋಕೆ ನಿಮಗೆ ಇಷ್ಟು ಹೊತ್ತು. ನಮ್ಮಪ್ಪ ಪಟ್ಟಣದಲ್ಲಿದ್ದಾರೆ. ಅವರ ಬಾಗಿಲಿಗೆ ಏನನ್ನೂ ಹೊತ್ಕೊಂಡು ಹೋಗ್ಬೇಡಿ. ಬಾಯಲ್ಲೇ ಕೇಳಿ."

"ಇವತ್ತು ಸಂಜೆ ಹಡಗಿಗೇ..."

"ಮೊದಲು ಮುಖ ತೊಳ್ಕೊಳ್ಳಿ."

ಮಸೀದಿಯಿಂದ ಬಾಂಗ್ ಎದ್ದಿತು. ಹಮಾದಿ ಫಾಕಿಯ ಮೊಣಕೈ ಹಿಡಿದು ಎಳೆದುಕೊಂಡು ಹೊರಟ. ಅವನು ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ, ತುಂಡು ಮರಕ್ಕೆ ಎಡವುತ್ತ, ಬೈಸಿಕೊಳ್ಳುತ್ತ ಹೋದ.

ಖಾಲಿಯಾದ ಅಂಗಳದಲ್ಲಿ ಶುಫಾ ಒಬ್ಬಳೇ ನಿಂತಳು. ಐದು ದಿನ ಹೊತ್ತು ತಿರುಗಿದ ಸಿಟ್ಟನ್ನು ಒಳಗೆಲ್ಲ ತಡಕಿದಳು. ತಳದಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಸಂಸಾರ ಎಂದ ಮೇಲೆ ಬೇಕಾಗುತ್ತದೆ ಎಂದುಕೊಂಡು ಅದನ್ನು ಹಾಗೆಯೇ ಇಟ್ಟುಕೊಂಡಳು. ತುರಿಮಣೆಯನ್ನು ಎಡಗಂಕುಳಲ್ಲಿ ಇರುಕಿಕೊಂಡು, ಜಗುಲಿಗಳಿದ್ದ ಬೀದಿಯಲ್ಲೇ, ನಡುವಿನಿಂದಲೇ, ಮನೆಗೆ ಹೊರಟಳು.